ಕೊಯ್ಯದೆ ತೂಕವಿಳಿಸುವ ಚಿಕಿತ್ಸೆಗಳು: ಗೃಹಸ್ಥರು ತಿಳಿಯಬೇಕಾದುದು

ಶ್ರಾವಣ ಮಾಸದ ಪ್ರವಚನಕ್ಕಾಗಿ ಕುಣಿಗಲ್ ಸೀಮೆಗೆ ಹೋಗುವುದು ನಮಗೆ ಬಹು ವರ್ಷಗಳಿಂದ ನಡೆದುಬಂದ ರೂಢಿ. ಯಡಿಯೂರಿನಲ್ಲಿ ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆಯ ದರ್ಶನ ಮಾಡಿಕೊಂಡು, ಅಲ್ಲಿಂದ ಸುತ್ತಣ ಗ್ರಾಮಗಳಲ್ಲಿ ಐದಾರು ಸಂಜೆ ಮಾತನಾಡಿ ಬರುತ್ತೇವೆ. ಹಿಂದಿನ ವರ್ಷ ಹೀಗೆ ಹೋಗಿದ್ದಾಗ, ಪ್ರಸಾದ ಮುಗಿದು ಜನ ಚದುರಿದ ಮೇಲೆ ಒಂದು ಕುಟುಂಬ ನಮ್ಮ ಬಳಿ ಬಂದು ಕುಳಿತಿತು. ತಂದೆ, ತಾಯಿ, ಇಪ್ಪತ್ತನಾಲ್ಕು ವರ್ಷದ ಮಗಳು. ತೆಂಗು ಅಡಕೆಯ ತೋಟದ ಮನೆತನ; ಧರ್ಮಕಾರ್ಯಗಳಲ್ಲಿ ಹಿಂದುಳಿದವರಲ್ಲ. ತಾಯಿ ಸೆರಗಿನ ಮರೆಯಿಂದ ಬಣ್ಣದ ಒಂದು ಕರಪತ್ರವನ್ನು ತೆಗೆದು ನಮ್ಮ ಮುಂದಿಟ್ಟರು. ಬೆಂಗಳೂರಿನ ಯಾವುದೋ ತೂಕವಿಳಿಸುವ ಕೇಂದ್ರದ್ದು. ‘ಕೊಯ್ಯುವುದಿಲ್ಲ, ಹೊಲಿಗೆಯಿಲ್ಲ, ಹೊಟ್ಟೆಯೊಳಗೆ ಬಲೂನು’ ಎಂಬುದು ಅದರ ಸಾರಾಂಶ. ಬೆಲೆ ಎರಡೂವರೆ ಲಕ್ಷ ರೂಪಾಯಿ.

“ಬುದ್ಧಿ, ನೋಡಲು ಬಂದ ಗಂಡಿನ ಕಡೆಯವರು ಹುಡುಗಿ ಕೊಂಚ ದಪ್ಪ ಅಂದರು. ದೀಪಾವಳಿಯೊಳಗೆ ಇಳಿಸಿಕೊಂಡರೆ ಮಾತುಕತೆ ಮುಂದುವರಿಸೋಣ ಅಂತಾರೆ. ಇದನ್ನು ಹಾಕಿಸಿಬಿಡಬಹುದೇ?” ಎಂದು ಆ ತಾಯಿ ಕೇಳಿದರು.

ಮಗಳು ತಲೆಯೆತ್ತಲಿಲ್ಲ. ಆ ಕ್ಷಣಕ್ಕೆ ಉತ್ತರ ಹೇಳಲು ನಮಗೆ ತಿಳಿವಳಿಕೆ ಇರಲಿಲ್ಲ. ನಾವು ಮಠದ ಪಾಠಶಾಲೆಯಲ್ಲಿ ಸಂಸ್ಕೃತ, ಕನ್ನಡ ಓದಿದವರೇ ಹೊರತು ವೈದ್ಯರಲ್ಲ. ಆದರೆ ಭಕ್ತರು ಸಾಲ ಮಾಡುವ ಮುನ್ನ, ಮದುವೆ ನಿಶ್ಚಯಿಸುವ ಮುನ್ನ, ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ ನಮ್ಮಂಥವರನ್ನು ಕೇಳುವ ಪದ್ಧತಿ ಇನ್ನೂ ಉಳಿದಿದೆ. ಕೇಳಿದವರಿಗೆ ತಿಳಿಯದೆ ಹೇಳುವುದು ತರವಲ್ಲವೆಂದು ಮರುದಿನದಿಂದ ತಿಳಿದ ವೈದ್ಯರೊಡನೆ ವಿಚಾರಿಸಿ, ಓದಿ, ಸಂಗ್ರಹಿಸಿದ ವಿಷಯವನ್ನು ಓದುಗ ಬಾಂಧವರ ಮುಂದಿಡುತ್ತಿದ್ದೇವೆ. ಇಂಥ ಕರಪತ್ರಗಳು ಈಗ ಎಲ್ಲರ ಮನೆಗೂ ಬರುತ್ತಿವೆ.

ಮೊದಲಿಗೆ ಬೊಜ್ಜೆಂಬುದು ಹೊಸ ರೋಗವಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯಕ್ಕೆ ಅಷ್ಟೌನಿಂದಿತೀಯವೆಂದು ಹೆಸರು. ಅತಿಸ್ಥೂಲ, ಅತಿಕೃಶ ದೇಹಗಳ ವಿಚಾರವೇ ಅದರ ಮುಖ್ಯ ವಸ್ತು. ಸ್ಥೌಲ್ಯಕ್ಕೆ ಕಾರಣಗಳನ್ನು ಎಣಿಸುವಾಗ ಚರಕರು ಅತಿಯಾದ ಆಹಾರ, ವ್ಯಾಯಾಮವಿಲ್ಲದಿರುವುದು, ಹಗಲು ನಿದ್ದೆ ಇವುಗಳ ಜೊತೆಯಲ್ಲಿಯೇ ‘ಬೀಜಸ್ವಭಾವ’ವನ್ನೂ ಸೇರಿಸಿದ್ದಾರೆ, ಅಂದರೆ ತಂದೆತಾಯಿಗಳಿಂದ ಬಂದ ಗುಣ. ಮೇದಸ್ಸು ದಾರಿಯನ್ನು ತಡೆದಾಗ ಕೋಷ್ಠದೊಳಗಿನ ವಾಯು ಜಠರಾಗ್ನಿಯನ್ನು ಊದಿ ಉರಿಸುತ್ತದೆ, ಆದಕಾರಣ ಸ್ಥೂಲನಿಗೆ ಹಸಿವು ಇನ್ನೂ ಹೆಚ್ಚುತ್ತದೆ ಎಂದೂ ಅವರು ವಿವರಿಸುತ್ತಾರೆ. ದಪ್ಪಗಿರುವವರನ್ನು ಕಂಡೊಡನೆ ‘ಬಾಯಿ ಕಟ್ಟುವುದಿಲ್ಲ’ ಎಂದು ಹೀಗಳೆಯುವ ನಮ್ಮ ನಾಲಗೆಗೆ ಆ ಎರಡು ಮಾತುಗಳೇ ಸಾಕಾದ ಉತ್ತರ. ಇಂದಿನ ವಿಜ್ಞಾನವೂ ಹಸಿವು ತುಂಬಿಕೆಗಳು ಕರುಳಿನಿಂದ ಮಿದುಳಿಗೆ ಹೋಗುವ ರಸಗಳ ಆಟವೆಂದೂ, ಬೊಜ್ಜಿನಲ್ಲಿ ವಂಶದ ಪಾಲು ದೊಡ್ಡದೆಂದೂ ಹೇಳುತ್ತದೆ.

ಆದರೆ ಹಿಂದೆ ಎಲ್ಲೋ ಒಬ್ಬರಿಗಿದ್ದುದು ಈಗ ಮನೆಮನೆಗೆ ಬಂದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಹತ್ತು ಮಂದಿ ವಯಸ್ಕರಲ್ಲಿ ಮೂವರು ಅಧಿಕ ತೂಕದವರು. ಗಂಡಸರೂ ಹೆಂಗಸರೂ ಇದರಲ್ಲಿ ಸಮಸಮ. ರಾಗಿಮುದ್ದೆ, ಹುರುಳಿಕಾಳಿನ ಸಾರು ಉಂಡು ಏತ ಹೊಡೆಯುತ್ತಿದ್ದ ಸೀಮೆಯಿದು. ಮುದ್ದೆ ಇನ್ನೂ ಇದೆ, ಏತ ಹೋಗಿ ಮೋಟರು ಬಂತು, ಮುದ್ದೆಯ ಜೊತೆಗೆ ಬೇಕರಿಯೂ ಬಂತು. ಕುಣಿಗಲ್ಲಿನ ಹಳೆಯ ಕುದುರೆ ಫಾರಮ್ಮಿನಲ್ಲಿ ಕುದುರೆಗೆ ಮೇವನ್ನು ಅಳೆದು ಹಾಕುತ್ತಾರೆ. ಪಕ್ಕದ ಊರಿನ ಮದುವೆ ಮನೆಯಲ್ಲಿ ಮನುಷ್ಯನಿಗೆ ಹೋಳಿಗೆಯನ್ನು ಅಳತೆಯಿಲ್ಲದೆ ಬಡಿಸುತ್ತಾರೆ. ಇದರಲ್ಲಿ ನಮ್ಮ ಪಾಲೂ ಉಂಟು. ಪ್ರವಚನಕಾರರಿಗೆ ಎರಡನೆಯ ಸಲ ಬಡಿಸದೆ ಬಿಟ್ಟರೆ ಮನೆಯವರಿಗೆ ಸಮಾಧಾನವಿಲ್ಲ. ಬೇಡವೆನ್ನಲು ನಮಗೂ ನಾಲಗೆ ಬರುವುದಿಲ್ಲ. ನಮ್ಮ ಮೊಣಕಾಲುಗಳು ಅದರ ಲೆಕ್ಕವನ್ನು ಇಟ್ಟುಕೊಂಡಿವೆ.

ಅಧಿಕವೆಂದರೆ ಎಷ್ಟು? ತೂಕವನ್ನು ಕಿಲೋಗ್ರಾಮಿನಲ್ಲಿ ತೆಗೆದುಕೊಂಡು, ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆಯೇ ಬಿಎಂಐ ಎಂಬ ಸೂಚ್ಯಂಕ. ಪಾಶ್ಚಾತ್ಯರಲ್ಲಿ 30 ದಾಟಿದರೆ ಬೊಜ್ಜು ಎನ್ನುವರು. ಭಾರತೀಯರಿಗೆ ಕಡಿಮೆ ತೂಕದಲ್ಲಿಯೇ ಸಕ್ಕರೆ ಕಾಯಿಲೆ, ಹೃದ್ರೋಗಗಳು ತಲೆದೋರುವುದರಿಂದ 23ಕ್ಕೆ ಅಧಿಕ ತೂಕ, 25ಕ್ಕೆ ಬೊಜ್ಜು ಎಂದು ನಮ್ಮ ದೇಶದ ತಜ್ಞರು 2009ರಲ್ಲಿ ಗೆರೆ ಎಳೆದರು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರಿನೊಳಗೆ ಇರಬೇಕೆಂಬುದು ಇನ್ನೊಂದು ಗೆರೆ. ಆದರೆ ಬೊಜ್ಜಿನ ಗೆರೆ ದಾಟಿದವರಿಗೆಲ್ಲ ಬಲೂನು ಬೇಕೆಂದು ಅರ್ಥವಲ್ಲ. ಕರಪತ್ರಗಳು ಈ ಭೇದವನ್ನು ಹೇಳುವುದಿಲ್ಲ.

ಈಗ ಬಲೂನಿನ ವಿಚಾರ. ಮೆದುವಾದ ಸಿಲಿಕೋನಿನ ಚೀಲವೊಂದನ್ನು ಮಡಿಸಿ, ಬಾಯಿಯ ಮೂಲಕ ಜಠರಕ್ಕೆ ಇಳಿಸಿ, ಅಲ್ಲಿ ಉಪ್ಪುನೀರಿನಿಂದ ತುಂಬಿಸುತ್ತಾರೆ. ಸುಮಾರು 400ರಿಂದ 700 ಮಿಲಿಲೀಟರ್. ರೋಗಿಗೆ ಮಂಪರು ಬರುವ ಔಷಧ ಕೊಟ್ಟು, ತುದಿಯಲ್ಲಿ ಕ್ಯಾಮೆರಾ ಇರುವ ಎಂಡೋಸ್ಕೋಪ್ ಎಂಬ ಬಳುಕುವ ಕೊಳವೆಯಿಂದ ನೋಡುತ್ತ ಮಾಡುವ ಅರ್ಧ ಗಂಟೆಯ ಕೆಲಸ. ಈ ಕೊಳವೆಯ ಹೆಸರು ನಮ್ಮ ಭಕ್ತಸಮೂಹಕ್ಕೆ ಅಪರಿಚಿತವಲ್ಲ. ಸಿದ್ಧಗಂಗೆಯ ಪೂಜ್ಯ ಶಿವಕುಮಾರ ಸ್ವಾಮಿಗಳವರಿಗೆ 2018ರಲ್ಲಿ ಪಿತ್ತನಾಳಕ್ಕೆ ಸ್ಟೆಂಟ್ ಅಳವಡಿಸಿದ ಸುದ್ದಿಯನ್ನು ನಾಡೆಲ್ಲ ಉಸಿರು ಬಿಗಿಹಿಡಿದು ಓದಿತ್ತು. ಅಂಥ ಸ್ಟೆಂಟುಗಳನ್ನು ಇಳಿಸುವುದು ಇದೇ ಜಾತಿಯ ಕೊಳವೆಯಿಂದ. ಮಿತಾಹಾರಕ್ಕೆ ಹೆಸರಾಗಿ 111 ವರ್ಷ ಬಾಳಿದ ಆ ಮಹನೀಯರನ್ನು ಬೊಜ್ಜಿನ ಮಾತಿನಲ್ಲಿ ನೆನೆಯಬೇಕಾಯಿತಲ್ಲ ಎಂಬ ಸಂಕೋಚ ನಮಗಿದೆ. ಕೊಳವೆಯ ಭಯ ಹೋಗಲೆಂದು ಮಾತ್ರ ಹೇಳಿದ್ದು.

ಜಠರದ ಬಹುಭಾಗವನ್ನು ಬಲೂನು ಆಕ್ರಮಿಸುವುದರಿಂದ ಕೊಂಚ ಉಂಡರೂ ತುಂಬಿದಂತೆ ಆಗುತ್ತದೆ. ಉಂಡದ್ದು ನಿಧಾನವಾಗಿ ಕೆಳಗಿಳಿಯುತ್ತದೆ. ಸ್ಥೂಲರಿಗೆ ಗುರುವೂ ಅಪತರ್ಪಣವೂ ಆದುದನ್ನು, ಎಂದರೆ ಹೊಟ್ಟೆಗೆ ಭಾರವಾಗಿದ್ದು ಮೈಗೆ ಪುಷ್ಟಿ ಕೊಡದಂಥದನ್ನು ಕೊಡಬೇಕೆಂದು ಚರಕರು ವಿಧಿಸುತ್ತಾರೆ. ಅದನ್ನು ಓದುವಾಗಲೆಲ್ಲ ಅಂಥ ವಸ್ತು ಯಾವುದಿದ್ದೀತೆಂದು ವಿದ್ಯಾರ್ಥಿದೆಸೆಯಲ್ಲಿ ನಾವು ಯೋಚಿಸುತ್ತಿದ್ದೆವು. ಉಪ್ಪುನೀರು ತುಂಬಿದ ಸಿಲಿಕೋನಿನ ಗುಂಡು ಆ ಲಕ್ಷಣಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ! ಹಾಗೆಂದು ಬಲೂನನ್ನು ಚರಕರೇ ಹೇಳಿದ್ದರೆಂದು ವಾದಿಸುವವರ ಗುಂಪಿಗೆ ನಾವು ಸೇರುವುದಿಲ್ಲ. ಅವರು ಹೇಳಿದ್ದು ಜವೆ, ಹೆಸರು, ಹುರುಳಿ, ಮಜ್ಜಿಗೆ, ಜೇನುನೀರು ಇಂಥವನ್ನು.

ಈ ಬಲೂನಿನ ಪೂರ್ವಚರಿತ್ರೆ ಅಷ್ಟು ಉಜ್ವಲವಲ್ಲ. 1985ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಒಪ್ಪಿಗೆ ಕೊಟ್ಟ ಮೊದಲನೆಯ ಬಲೂನು ಗಾಳಿ ತುಂಬಿದ ಉರುಳೆಯಾಕಾರದ್ದು. ಅದರಿಂದ ಜಠರದಲ್ಲಿ ಹುಣ್ಣುಗಳಾದವು. ಗಾಳಿ ಸೋರಿ ಕರುಳಿಗೆ ಜಾರಿ ಅಡ್ಡ ನಿಂತ ಪ್ರಸಂಗಗಳೂ ನಡೆದವು. ಕೆಲವೇ ವರ್ಷಗಳಲ್ಲಿ ಅದು ಮಾರುಕಟ್ಟೆಯಿಂದ ಹೋಯಿತು. ನುಣುಪಾದ ಗೋಳಾಕಾರದ ಈಗಿನ ಬಲೂನಿಗೆ ಆ ದೇಶದಲ್ಲಿ ಒಪ್ಪಿಗೆ ದೊರೆತದ್ದು 2015ರಲ್ಲಿ, ಬಿಎಂಐ 30ರಿಂದ 40ರೊಳಗಿನವರಿಗೆ, ಆರು ತಿಂಗಳ ಅವಧಿಗೆ ಮಾತ್ರ. 2017ರ ಆಗಸ್ಟಿನಲ್ಲಿ ಅದೇ ಸಂಸ್ಥೆ ವೈದ್ಯರಿಗೆ ಎಚ್ಚರಿಕೆಯ ಪತ್ರ ಬರೆದು, ದ್ರವ ತುಂಬಿದ ಬಲೂನು ಹಾಕಿಸಿಕೊಂಡವರಲ್ಲಿ 2016ರಿಂದೀಚೆಗೆ ಐದು ಅನಿರೀಕ್ಷಿತ ಸಾವುಗಳು ವರದಿಯಾಗಿವೆಯೆಂದು ತಿಳಿಸಿತು. ಸಾವುಗಳಿಗೆ ಬಲೂನೇ ಕಾರಣವೆಂದು ಆಗ ಖಚಿತವಾಗಿರಲಿಲ್ಲ. ಸಾವಿರಾರು ಜನ ಹಾಕಿಸಿಕೊಂಡದ್ದರಲ್ಲಿ ಐದು ಎಂಬುದೂ ನಿಜ. ಆದರೂ ಅದು ತಲೆಗೆ ಹಚ್ಚುವ ಎಣ್ಣೆಯಂತಲ್ಲ, ಒಂದು ನಿಜವಾದ ಚಿಕಿತ್ಸೆ ಎಂಬುದು ಇದರಿಂದ ತಿಳಿಯುತ್ತದೆ.

ಹಾಕಿಸಿದ ಮೊದಲ ಮೂರರಿಂದ ಐದು ದಿನ ಬಹಳ ಮಂದಿಗೆ ವಾಕರಿಕೆ, ವಾಂತಿ, ಹೊಟ್ಟೆ ಹಿಡಿತ. ದೇಹ ಆ ಅತಿಥಿಯನ್ನು ಹೊರದೂಡಲು ಹೋರಾಡುತ್ತದೆ. ಎಳನೀರು, ತಿಳಿ ಮಜ್ಜಿಗೆ, ಗಂಜಿ ಇವುಗಳಲ್ಲಿಯೇ ದಿನ ಕಳೆಯಬೇಕು. ಆಮ್ಲ ತಗ್ಗಿಸುವ ಮಾತ್ರೆಯನ್ನು ಬಲೂನು ಇರುವಷ್ಟೂ ಕಾಲ ತಪ್ಪಿಸುವಂತಿಲ್ಲ. ತುಂಬುವ ನೀರಿಗೆ ನೀಲಿ ಬಣ್ಣ ಬೆರೆಸಿರುವುದು ವಾಡಿಕೆ. ಬಲೂನು ಒಡೆದರೆ ಮೂತ್ರ ನೀಲಿ ಅಥವಾ ಹಸಿರಾಗುತ್ತದೆ; ಕೂಡಲೇ ಆಸ್ಪತ್ರೆಗೆ ಓಡಬೇಕು. ಇದನ್ನು ರೋಗಿಗಲ್ಲದೆ ಮನೆಯವರಿಗೂ ಹೇಳಿರಬೇಕು. ಹಿಂದೆ ಜಠರದ ಶಸ್ತ್ರಚಿಕಿತ್ಸೆಯಾದವರಿಗೆ, ಹುಣ್ಣಿರುವವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ, ಗರ್ಭಿಣಿಯರಿಗೆ, ಬರುವ ತಿಂಗಳುಗಳಲ್ಲಿ ಬಸಿರಾಗಬಯಸುವವರಿಗೆ ಇದು ಸಲ್ಲದು. ಮದುವೆಗೆಂದು ಬಲೂನು ಹಾಕಿಸುವ ತಾಯಂದಿರು ಈ ಕೊನೆಯ ಮಾತನ್ನು ಎರಡು ಸಲ ಓದಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆಯಾದೊಡನೆ ಪ್ರಮಾಣವನ್ನು ವೈದ್ಯರಿಂದ ತಗ್ಗಿಸಿಕೊಳ್ಳಬೇಕು. ಇಲ್ಲವಾದರೆ ಸಕ್ಕರೆ ಏಕಾಏಕಿ ಕುಸಿಯುತ್ತದೆ.

ಆರು ತಿಂಗಳಲ್ಲಿ ಇಳಿಯುವುದು ಸಾಮಾನ್ಯವಾಗಿ ದೇಹತೂಕದ ಹತ್ತರಲ್ಲೊಂದು ಪಾಲು. ತೆಗೆದ ಮೇಲೆ ಸ್ವಲ್ಪ ಹಿಂದಿರುಗುತ್ತದೆ. ಎಂಡೋಸ್ಕೋಪ್ ಇಲ್ಲದೆ ಗುಳಿಗೆಯಂತೆ ನುಂಗುವ ಬಲೂನೂ ಈಗ ಇದೆ. ಗುಳಿಗೆಗೆ ಅಂಟಿದ ಸಣ್ಣ ನಳಿಕೆಯಿಂದ ಸುಮಾರು 550 ಮಿಲಿಲೀಟರ್ ನೀರು ತುಂಬಿ, ಎಕ್ಸ್-ರೇಯಲ್ಲಿ ನೋಡಿ ನಳಿಕೆಯನ್ನು ಎಳೆದುಬಿಡುತ್ತಾರೆ. ಸುಮಾರು ನಾಲ್ಕು ತಿಂಗಳಿಗೆ ಅದು ತಾನೇ ತೆರೆದುಕೊಂಡು ಮಲದಲ್ಲಿ ಹೋಗುತ್ತದೆ.

ಇನ್ನೊಂದು ಕ್ರಮ ಜಠರವನ್ನು ಒಳಗಿನಿಂದಲೇ ಹೊಲಿಯುವುದು. ಎಂಡೋಸ್ಕೋಪಿನ ತುದಿಗೆ ಹೊಲಿಗೆಯ ಸಾಧನವನ್ನು ಸಿಕ್ಕಿಸಿ, ಜಠರದ ಗೋಡೆಯನ್ನು ನೆರಿಗೆ ನೆರಿಗೆಯಾಗಿ ಮಡಿಸಿ ಹೊಲಿದು, ಚೀಲದಂತಿದ್ದುದನ್ನು ಕೊಳವೆಯಂತೆ ಕಿರಿದು ಮಾಡುತ್ತಾರೆ. ಹೊರಗೆ ಒಂದು ಗೀರೂ ಇಲ್ಲ. ಆದರೆ ಪೂರ್ಣ ಅರಿವಳಿಕೆ ಬೇಕು, ಬಲು ನುರಿತ ಕೈ ಬೇಕು. 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ ಹೀಗೆ ಹೊಲಿಸಿಕೊಂಡವರು ಒಂದು ವರ್ಷದಲ್ಲಿ ದೇಹತೂಕದ ಶೇ. 13.6ರಷ್ಟು ಇಳಿದರು, ಆಹಾರ ವ್ಯಾಯಾಮಗಳ ಸಲಹೆಯನ್ನು ಮಾತ್ರ ಪಡೆದವರು ಇಳಿದದ್ದು ಶೇ. 0.8. ಈ ಎರಡನೆಯ ಅಂಕಿ ನಮ್ಮನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ಉಪದೇಶ ಮಾಡುವುದೇ ನಮ್ಮ ಕಾಯಕವಾಗಿರುವಾಗ, ಬರಿಯ ಉಪದೇಶದ ತೂಕ ಇಷ್ಟೇ ಎಂದು ಅಳೆದು ತೋರಿಸಿದ್ದು ಹಿತವಾದ ಸಂಗತಿಯಲ್ಲ.

ಕೊಬ್ಬನ್ನು ತಣ್ಣಗೆ ಮಾಡಿ ಕರಗಿಸುವ ಯಂತ್ರ, ನಡುಗುವ ಪಟ್ಟಿ, ಬೆವರಿನ ಪೆಟ್ಟಿಗೆ ಇವುಗಳ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಮೊದಲನೆಯದು ಒಂದು ಜಾಗದ ಕೊಬ್ಬನ್ನು ಕೊಂಚ ತೆಳುವಾಗಿಸೀತು, ತೂಕ ಇಳಿಸುವ ಚಿಕಿತ್ಸೆಯಲ್ಲ. ಉಳಿದವು ಹಣವನ್ನು ಇಳಿಸುತ್ತವೆ. ಆದರೆ ಸೂಜಿಯಿಟ್ಟು ಕೊಬ್ಬು ಹೀರಿ ತೆಗೆಯುವ ಕ್ರಮವನ್ನೂ ಜನ ಇದೇ ಸಾಲಿಗೆ ಸೇರಿಸುವುದು ಅಪಾಯಕರ. ಅದು ಶಸ್ತ್ರಚಿಕಿತ್ಸೆಯೇ ಸರಿ. 2022ರ ಮೇ ತಿಂಗಳಿನಲ್ಲಿ ಕಿರುತೆರೆಯ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳುವ ಚಿಕಿತ್ಸೆಗೆ ಹೋಗಿ ಮರಣ ಹೊಂದಿದಾಗ ಆಕೆಯ ವಯಸ್ಸು 21. ಮನೆಯವರಿಗೆ ತಿಳಿಸದೆ ಹೋಗಿದ್ದರೆಂದು ಪತ್ರಿಕೆಗಳು ಬರೆದವು. ದಪ್ಪಗಿರುವೆನೆಂಬ ಮಾತಿನ ಭಾರ ಹೊತ್ತ ಹೆಣ್ಣುಮಗಳು ಮನೆಯಲ್ಲಿ ಹೇಳಿಕೊಳ್ಳುವಂತೆ ನಾವು ಇಟ್ಟುಕೊಂಡಿರುವೆವೇ ಎಂದು ತಂದೆತಾಯಿಗಳು ಕೇಳಿಕೊಳ್ಳಬೇಕಾದ ಪ್ರಶ್ನೆ.

ಔಷಧಗಳ ಚರಿತ್ರೆಯೂ ಏಳುಬೀಳಿನದೇ. ಅಮೆರಿಕದಲ್ಲಿ ಬಹು ಪ್ರಸಿದ್ಧವಾಗಿದ್ದ ಫೆನ್-ಫೆನ್ ಜೋಡಿಯಲ್ಲಿನ ಫೆನ್‌ಫ್ಲೂರಮಿನ್ 1997ರಲ್ಲಿ ಹೃದಯದ ಕವಾಟಗಳನ್ನು ಕೆಡಿಸುವುದೆಂದು ಹೋಯಿತು. ನಮ್ಮಲ್ಲಿಯೂ ಧಾರಾಳವಾಗಿ ಮಾರಾಟವಾಗುತ್ತಿದ್ದ ಸಿಬುಟ್ರಮಿನ್ ಎಂಬುದನ್ನು ಸರ್ಕಾರ 2011ರಲ್ಲಿ ನಿಷೇಧಿಸಿತು. ಈಗಿನವು ಬೇರೆ ಬಗೆಯವು. ಉಂಡಾಗ ಕರುಳು ತಾನೇ ಸುರಿಸುವ ‘ಸಾಕು’ ಎನ್ನುವ ರಸವನ್ನು ಅನುಕರಿಸುವ ಚುಚ್ಚುಮದ್ದುಗಳು, ವಾರಕ್ಕೊಂದು. ಟಿರ್ಜೆಪಟೈಡ್ 2025ರ ಮಾರ್ಚಿನಲ್ಲಿಯೂ, ತೂಕವಿಳಿಸಲೆಂದೇ ಇರುವ ಸೆಮಾಗ್ಲುಟೈಡ್ ಚುಚ್ಚುಮದ್ದು ಅದೇ ವರ್ಷದ ಜೂನಿನಲ್ಲಿಯೂ ಭಾರತಕ್ಕೆ ಬಂದವು. ಸೆಮಾಗ್ಲುಟೈಡಿನ ಮುಖ್ಯ ಪರೀಕ್ಷೆಯಲ್ಲಿ 68 ವಾರಗಳಲ್ಲಿ ಸರಾಸರಿ ಶೇ. 15ರ ಹತ್ತಿರ ತೂಕ ಇಳಿಯಿತು. ನಿಲ್ಲಿಸಿದವರಲ್ಲಿ ಇಳಿದುದರ ಮೂರರಲ್ಲಿ ಎರಡು ಪಾಲು ಒಂದು ವರ್ಷದೊಳಗೆ ಹಿಂದಿರುಗಿತು. ಇವುಗಳಿಂದಾಗಿ ಬಲೂನಿನ ವ್ಯಾಪಾರವೇ ತಗ್ಗೀತೆಂದು ವೈದ್ಯಮಿತ್ರರೊಬ್ಬರು ಹೇಳಿದರು. ಇರಬಹುದು.

ನಮ್ಮ ಮನೆಗಳವರು ಕೇಳುವ ಬೇರೆ ಪ್ರಶ್ನೆಗಳೂ ಇವೆ. ಚಿಕಿತ್ಸೆಯ ಹೊತ್ತಿಗೆ ಇಷ್ಟಲಿಂಗವನ್ನು ಮೈಯಿಂದ ಅಗಲಿಸಬೇಕೇ? ವಿದ್ಯುತ್ತಿನಿಂದ ಸುಡುವ ಉಪಕರಣವನ್ನು ಬಳಸುವುದಿದ್ದರೆ ಮೈಮೇಲೆ ಲೋಹ ಇರಬಾರದೆನ್ನುವರು. ಬೆಳ್ಳಿಯ ಕರಡಿಗೆಯನ್ನು ಬಿಟ್ಟು, ಲಿಂಗವನ್ನು ಶುಭ್ರವಸ್ತ್ರದಲ್ಲಿ ಕಟ್ಟಿ ಧರಿಸಬಹುದೇ ಎಂದು ಹಿಂದಿನ ದಿನವೇ ವೈದ್ಯರೊಡನೆ ಮಾತನಾಡಿಕೊಳ್ಳಿರಿ. ಹೇಳಿದರೆ ಅರ್ಥಮಾಡಿಕೊಳ್ಳುವ ವೈದ್ಯರೇ ಹೆಚ್ಚು. ಔಷಧದ ಗುಳಿಗೆಗಳ ಹೊದಿಕೆ ಸಾಮಾನ್ಯವಾಗಿ ಪ್ರಾಣಿಜನ್ಯವಾದ ಜೆಲಟಿನ್ನಿನದು. ಸಸ್ಯಾಹಾರಿಗಳು ಬೇರೆಯದನ್ನು ಕೇಳಿ ಪಡೆಯಬಹುದು. ಊಟ ಕಡಿಮೆಯಾದಾಗ ಸಸ್ಯಾಹಾರಿಗಳಿಗೆ ಮೊದಲು ಕೊರತೆ ಬೀಳುವುದು ಸಸಾರಜನಕ. ಹೆಸರುಬೇಳೆಯ ಕಟ್ಟು, ಹುರುಳಿಯ ಕಟ್ಟು, ಮೊಸರು ಇವನ್ನು ಅನ್ನಕ್ಕಿಂತ ಮುಂಚೆ ಕೊಡಬೇಕು. ಇನ್ನು ವಿಮೆ. 2019ರ ವಿಮಾ ನಿಯಂತ್ರಣ ಪ್ರಾಧಿಕಾರದ ಮಾರ್ಗಸೂಚಿಯು ಬೊಜ್ಜಿನ ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ಬಿಎಂಐ 40, ಅಥವಾ ತೀವ್ರವಾದ ಜೊತೆಕಾಯಿಲೆಗಳಿದ್ದರೆ 35 ಎಂಬ ಮಿತಿಯನ್ನು ಹೇಳುತ್ತದೆ. ಬಲೂನಿಗೆ ಹಣ ಬಂದೇ ಬರುವುದೆಂಬ ಏಜೆಂಟರ ಬಾಯಿಮಾತನ್ನು ನಂಬದೆ ವಿಮಾ ಸಂಸ್ಥೆಯಿಂದ ಬರವಣಿಗೆಯಲ್ಲಿ ಪಡೆಯಬೇಕು.

ಮೊದಲಿನ ಕುಟುಂಬಕ್ಕೆ ಮರಳೋಣ. ಆ ಸಂಜೆ ನಾವು ಮಾಡಿದ್ದು ಇಷ್ಟೇ: ಆ ಕರಪತ್ರದ ಕೇಂದ್ರಕ್ಕೆ ಹೋಗಬೇಡಿ, ಉದರರೋಗ ತಜ್ಞರೊಬ್ಬರನ್ನು ಕಂಡು ಬನ್ನಿ ಎಂದೆವು. ಮೂವರೂ ರೈಲಿನಲ್ಲಿ ಬೆಂಗಳೂರಿಗೆ ಹೋದರು. ತಜ್ಞರು ಮಗಳನ್ನು ಅಳೆದು ತೂಗಿದರು. ಎತ್ತರ 158 ಸೆಂಟಿಮೀಟರ್, ತೂಕ 65 ಕಿಲೋ, ಬಿಎಂಐ 26. ರಕ್ತಪರೀಕ್ಷೆಗಳಲ್ಲಿ ದೋಷವಿಲ್ಲ. “ಈಕೆಗೆ ಬಲೂನು ಹಾಕುವವನು ವೈದ್ಯನಲ್ಲ” ಎಂದುಬಿಟ್ಟರಂತೆ. ಆಮೇಲೆ, ಏದುಸಿರು ಬಿಡುತ್ತ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ತಂದೆಯನ್ನು ನೋಡಿ, “ತಾವು ಇತ್ತ ಬನ್ನಿ ಯಜಮಾನರೇ” ಎಂದರಂತೆ.

ಅವರ ತೂಕ 106 ಕಿಲೋ, ಬಿಎಂಐ 37ರ ಮೇಲೆ. ಹತ್ತು ವರ್ಷಗಳ ಸಕ್ಕರೆ ಕಾಯಿಲೆ. ರಾತ್ರಿ ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುವುದನ್ನು ಹೆಂಡತಿ ವರ್ಷಗಳಿಂದ ಕೇಳುತ್ತಿದ್ದರು. ಅದನ್ನು ಕಾಯಿಲೆಯೆಂದು ಎಣಿಸಿರಲಿಲ್ಲ. ಮನೆಯಲ್ಲಿ ಯಾರೂ ಅವರನ್ನು ದಪ್ಪಗಿದ್ದೀರೆಂದು ಆಡಿರಲಿಲ್ಲ. ಗಂಡಸಿನ ಹೊಟ್ಟೆ ನಮ್ಮಲ್ಲಿ ಸುಖದ ಗುರುತು, ಹೆಣ್ಣಿನದು ದೋಷ. ಒಂದೇ ಮನೆಯಲ್ಲಿ ತಕ್ಕಡಿ ಎರಡು.

ಅವರಿಗೂ ಕೂಡಲೇ ಬಲೂನು ಹಾಕಲಿಲ್ಲ. ಎಂಡೋಸ್ಕೋಪಿನಲ್ಲಿ ನೋಡಿದಾಗ ಮಂಡಿನೋವಿನ ಮಾತ್ರೆಗಳಿಂದಾದ ಹುಣ್ಣು ಕಂಡಿತು. ಎರಡು ತಿಂಗಳು ಅದಕ್ಕೆ ಚಿಕಿತ್ಸೆಯಾಯಿತು. ಶಸ್ತ್ರಚಿಕಿತ್ಸೆಯ ಮಾತನ್ನೂ ವೈದ್ಯರು ಎತ್ತಿದ್ದರು, ಇವರು ಒಪ್ಪಲಿಲ್ಲ. ಕಾರ್ತಿಕದಲ್ಲಿ ಬಲೂನು ಹಾಕಿಸಿದರು. ಮೊದಲ ನಾಲ್ಕು ದಿನ, “ಬುದ್ಧಿ, ತೆಗೆಸಿಬಿಡಿ ಅಂತ ಅತ್ತುಬಿಟ್ಟೆ” ಎಂದು ಅವರೇ ನಮಗೆ ಹೇಳಿದರು. ಮೇ ತಿಂಗಳಿನಲ್ಲಿ ತೆಗೆಸುವಾಗ ತೂಕ 92. ಇನ್ಸುಲಿನ್ ಅರ್ಧಕ್ಕಿಂತ ಕಡಿಮೆಯಾಗಿದೆ. ಹೆಂಡತಿಗೆ ರಾತ್ರಿ ನಿದ್ದೆ ಬರುತ್ತಿದೆ.

ಈ ವರ್ಷದ ಶ್ರಾವಣದಲ್ಲಿ ಅದೇ ಊರಿನಲ್ಲಿ ಅವರನ್ನು ಕಂಡೆವು. ಪಂಕ್ತಿಯಲ್ಲಿ ನಮ್ಮ ಪಕ್ಕದಲ್ಲಿಯೇ ಕುಳಿತಿದ್ದರು. ತೂಕ 95ಕ್ಕೆ ಹತ್ತಿದೆಯೆಂದು ತಾವೇ ತಗ್ಗಿದ ದನಿಯಲ್ಲಿ ಹೇಳಿದರು. ಮಾವಿನಹಣ್ಣಿನ ಕಾಲ ಬಂತಲ್ಲ ಎಂದರು. ವಾರದ ಚುಚ್ಚುಮದ್ದು ಆರಂಭಿಸುವ ವಿಚಾರವನ್ನು ವೈದ್ಯರು ಪ್ರಸ್ತಾಪಿಸಿದ್ದಾರೆ. ತಿಂಗಳಿನ ಖರ್ಚು ತೋಟದ ಆದಾಯಕ್ಕೆ ಹೊಂದುವುದೇ ಎಂಬ ಲೆಕ್ಕದಲ್ಲಿದ್ದಾರೆ. ಮಗಳು ತುಮಕೂರಿನ ಶಾಲೆಯೊಂದರಲ್ಲಿ ಉಪಾಧ್ಯಾಯಿನಿಯಾಗಿ ಸೇರಿದ್ದಾಳೆ. ಆ ಗಂಡಿನ ಮನೆಯವರಿಗೆ ‘ನಮಗೆ ಬೇಡ’ ಎಂದು ಹೇಳಿ ಕಳುಹಿಸಿದ್ದು ತಾಯಿಯೇ ಎಂದು ಕೇಳಿ ಸಂತೋಷವಾಯಿತು. ಅಂದು ಪಾಯಸದ ಬಕೆಟ್ಟು ಹಿಡಿದು ಬಂದ ಹುಡುಗ ನಮ್ಮ ಎಲೆಯ ಮುಂದೆ ಎರಡನೆಯ ಸಲ ಬಾಗಿದಾಗ, ಪಕ್ಕದವರು ನಮ್ಮನ್ನೇ ನೋಡುತ್ತಿದ್ದರು. ನಾವು ಕೈ ಅಡ್ಡ ಹಿಡಿದೆವು.

ಅವರ ಮುಂದಿನ ಭೇಟಿ ದಸರೆ ಕಳೆದ ಸೋಮವಾರ. ರೈಲಿನ ಟಿಕೆಟನ್ನು ಮಗಳೇ ತೆಗೆಸಿಟ್ಟಿದ್ದಾಳೆ.